ಬಿಸಾಕ್ತೀನಿ ರಾಯರು

ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಇಂಥವರೊಬ್ಬರು ಇರುತ್ತಾರೆ. ನಮ್ಮಲ್ಲಿ ಅವರಿರುವುದು ಎರಡನೇ ಮಹಡಿಯಲ್ಲಿ. ಬಾಗಿಲ ಮೇಲಿನ ಫಲಕದಲ್ಲಿ ಅವರಿಗೆ ಬೇರೆ ಹೆಸರಿದೆ, ಹೆಸರಿನ ಹಿಂದೆ ಎರಡು ಡಿಗ್ರಿಗಳೂ ಇವೆ. ಆದರೆ ಲಿಫ್ಟು, ಮೆಟ್ಟಿಲು, ಪಾರ್ಕಿಂಗು ಎಲ್ಲ ಕಡೆ ಅವರು ಬಿಸಾಕ್ತೀನಿ ರಾಯರು. ಭಾನುವಾರ ಬೆಳಿಗ್ಗೆ ದೋಸೆ ಮುಗಿದು ಎರಡನೇ ಕಾಫಿ ಇನ್ನೂ ಬಾರದಿರುವ ಹೊತ್ತಿಗೆ ಅವರ ಮನೆಯ ಕಿಟಕಿಯಿಂದ ಗರ್ಜನೆ ಹೊರಡುತ್ತದೆ: "ಇವತ್ತು ಎಲ್ಲಾನೂ ಮೂಟೆ ಕಟ್ಟಿ ಬಿಸಾಕ್ತೀನಿ! ಒಂದೂ ಉಳಿಸಲ್ಲ!" ಕೆಳಗೆ ಕಾರು ಒರೆಸುವ ಹುಡುಗ ಅದನ್ನು ಕೇಳಿ, ಓ ಒಂಬತ್ತೂವರೆ ಆಯ್ತು ಅಂತ ಮುಂದಿನ ಕಾರಿಗೆ ಹೋಗುತ್ತಾನೆ.

ಎಲ್ಲಾ ಅಂದರೆ ಮಗಳು ಪುಟ್ಟಿಯ ಬೊಂಬೆಗಳು. ಮರದವಲ್ಲ, ಪ್ಲಾಸ್ಟಿಕ್ಕಿನವೂ ಅಲ್ಲ; ಒಳಗೆ ಪಾಲಿಯೆಸ್ಟರ್ ತುಂಬಿದ, ಮೈತುಂಬ ರೋಮವಿರುವ, ಅಮುಕಿದರೆ ಅಮುಕಿಸಿಕೊಳ್ಳುವ ಮೆತ್ತನೆಯ ಜಾತಿ. ಒಂದು ಕಾಲಕ್ಕೆ ಅವು ಪುಟ್ಟಿಯ ಮಂಚದ ಮೇಲಷ್ಟೇ ಇದ್ದವು. ಆಮೇಲೆ ಮಂಚದ ಕೆಳಗಿಳಿದವು, ಬೀರುವಿನ ಮೇಲೇರಿದವು, ನಡುಮನೆಗೆ ಬಂದು ಸೋಫಾ ಹಿಡಿದವು. ಈಗ ಮನೆಗೆ ಬಂದವರು ಕೂರಬೇಕಾದರೆ ಮೊದಲು ಒಂದು ಕರಡಿಯನ್ನು ಎಬ್ಬಿಸಬೇಕು. ಊಟದ ಮೇಜಿನ ಆರು ಕುರ್ಚಿಗಳಲ್ಲಿ ಎರಡು ಪೆಂಗ್ವಿನ್ನಿಗೂ ಜಿರಾಫೆಗೂ ಖಾಯಮ್ಮಾಗಿ ಸಂದಿವೆ. ಪೆಂಗ್ವಿನ್ನಿನ ಹೆಸರು ಲಾಯರ್ ಮಾಮ. ಕಪ್ಪು ಕೋಟು, ಬಿಳಿ ಎದೆ. ಬೇರೆ ಹೆಸರಿಡಲು ಸಾಧ್ಯವೇ ಇಲ್ಲ. ಜಿರಾಫೆ ಉದ್ದಪ್ಪ. ಗುಲಾಬಿ ಬಣ್ಣದ ಆಕ್ಟೋಪಸ್ಸು ಎಂಟಮ್ಮ. ರಾಯರು ಅನ್ನ ಕಲಸುವಾಗಲೆಲ್ಲ ಲಾಯರ್ ಮಾಮ ಎದುರಿಗೆ ಕೂತು ಅವರನ್ನೇ ನೋಡುತ್ತಿರುತ್ತಾನೆ. ತಟ್ಟೆಯಲ್ಲಿ ಏನಾದರೂ ಬಿಡಲು ಮನಸ್ಸು ಬರುವುದಿಲ್ಲ ಅಂತ ರಾಯರೇ ನನ್ನ ಹತ್ತಿರ ಒಮ್ಮೆ ಹೇಳಿದ್ದರು.

ಇಷ್ಟೆಲ್ಲ ಎಲ್ಲಿಂದ ಬಂದವು? ರಾಯರನ್ನು ಕೇಳಿದರೆ ಮೂಲ ಹುಟ್ಟುಹಬ್ಬ. ನಮ್ಮ ಹೆಂಗಸರು ಅರಿಸಿನ ಕುಂಕುಮಕ್ಕೆ ಹೋದಾಗ ಕೊಡುವ ರವಿಕೆ ಕಣ ಹೇಗೆ ಯಾರೂ ಹೊಲಿಸದೆ ಊರೆಲ್ಲ ಸುತ್ತುತ್ತಿರುತ್ತದೋ, ಟೆಡ್ಡಿಗಳೂ ಹಾಗೇ ಒಂದು ಬರ್ತ್‌ಡೇಯಿಂದ ಇನ್ನೊಂದಕ್ಕೆ ಸಂಚರಿಸುತ್ತಿರುತ್ತವಂತೆ. ರಾಯರ ಮನೆಯಿಂದ ನಾಲ್ಕನೇ ಮಹಡಿಯ ಹುಡುಗನಿಗೆ ಉಡುಗೊರೆಯಾಗಿ ಹೋದ ನೀಲಿ ನಾಯಿಯೊಂದು ಆರು ತಿಂಗಳ ಮೇಲೆ ಹೊಸ ಬಣ್ಣದ ಕಾಗದ ಸುತ್ತಿಕೊಂಡು ಅವರ ಮನೆಗೇ ವಾಪಸು ಬಂತು. ಪುಟ್ಟಿ ಕಾಗದ ಹರಿದವಳೇ, "ಅಯ್ಯೋ ಬ್ಲೂಯಪ್ಪ, ಎಲ್ಲಿಗೆ ಹೋಗಿದ್ದೆ?" ಅಂತ ತಬ್ಬಿಕೊಂಡಳು. ಕೊಟ್ಟವರು ಅಲ್ಲೇ ನಿಂತಿದ್ದರು. ಎರಡು ಮನೆಯವರೂ ಕೇಕಿನ ರುಚಿಯ ಬಗ್ಗೆ ಬಹಳ ಹೊತ್ತು ಮಾತಾಡಿದರು.

ತಾವೊಂದನ್ನೂ ಕೊಂಡಿಲ್ಲ ಅನ್ನುವುದು ರಾಯರ ಪ್ರಮಾಣವಚನ. ಇದನ್ನು ಅವರ ಹೆಂಡತಿಯ ಎದುರು ಹೇಳುವುದಿಲ್ಲ. ಯಾಕೆಂದರೆ ಸಿಗ್ನಲ್ಲಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಆಳೆತ್ತರದ ಕರಡಿ ಹೊತ್ತುಕೊಂಡು ಕಿಟಕಿ ತಟ್ಟುವ ಹುಡುಗರ ಕತೆ ಆಕೆಗೆ ಗೊತ್ತು. ರಾಯರಿಗೆ ಬೇಡ ಅನ್ನಲು ಬರುವುದಿಲ್ಲ. ಅದಕ್ಕೆ ಅವರು ಚೌಕಾಸಿ ಮಾಡುತ್ತಾರೆ. ಎಂಟುನೂರು ಅಂದದ್ದಕ್ಕೆ ಇನ್ನೂರು ಅಂದರೆ ಹುಡುಗ ಬೈದುಕೊಂಡು ಹೋಗುತ್ತಾನೆ, ನಾನೂ ಪಾರು ಅನ್ನುವುದು ಲೆಕ್ಕಾಚಾರ. ಆದರೆ ನಮ್ಮ ಬೆಂಗಳೂರಿನ ಸಿಗ್ನಲ್ಲು ಸಾಕಷ್ಟು ದೀರ್ಘ. ಹಸಿರು ದೀಪ ಬೀಳಲು ಐದು ಸೆಕೆಂಡ್ ಇರುವಾಗ ಹುಡುಗ "ತಗೋ ಸಾರ್, ಇನ್ನೂರೇ ಕೊಡು" ಅಂದುಬಿಟ್ಟ. ಹಿಂದಿನಿಂದ ಆಟೋದವನು ಹಾರ್ನು. ಕರಡಿಯನ್ನು ಪಕ್ಕದ ಸೀಟಿಗೆ ತುರುಕಿಕೊಂಡು ಬಂದ ರಾಯರು ದಾರಿಯುದ್ದಕ್ಕೂ ಕಾರಿನ ಟೀಂ ಟೀಂ ಶಬ್ದ ತಾಳಲಾರದೆ ಕೊನೆಗೆ ಅದಕ್ಕೆ ಸೀಟ್‌ಬೆಲ್ಟ್ ಹಾಕಿದರು. ಆ ಕರಡಿಯೇ ಈಗ ಸೋಫಾದ ಮೇಲಿರುವ ಭೀಮಣ್ಣ.

ರಾಯರು ವೃತ್ತಿಯಲ್ಲಿ ಲೆಕ್ಕಪರಿಶೋಧಕರು. ಮಾರ್ಚ್ ಕೊನೆಗೆ ಗೋದಾಮುಗಳಲ್ಲಿ ನಿಂತು ಸಿಮೆಂಟ್ ಚೀಲ ಎಣಿಸುವ, ಒಂದು ಚೀಲ ಕಡಿಮೆಯಾದರೂ ಮ್ಯಾನೇಜರನ ಬೆವರಿಳಿಸುವ ಜನ. ಅವರಿಗೆ ಒಂದು ಭಾನುವಾರ ಹೊಳೆಯಿತು: ಎಣಿಕೆಯೇ ಇಲ್ಲದ ದಾಸ್ತಾನನ್ನು ಕಡಿಮೆ ಮಾಡುವುದಾದರೂ ಹೇಗೆ? ಉದ್ದನೆಯ ಲೆಡ್ಜರ್ ಬಂತು. ಕ್ರಮಸಂಖ್ಯೆ, ಪ್ರಾಣಿ, ಬಣ್ಣ, ಸ್ಥಿತಿ, ಷರಾ. ಪುಟ್ಟಿ ಒಂದೊಂದೇ ಬೊಂಬೆಯನ್ನು ಎತ್ತಿ ತೋರಿಸುವುದು, ರಾಯರು ಕನ್ನಡಕ ಮೂಗಿನ ತುದಿಗಿಳಿಸಿ ಬರೆಯುವುದು.

ಏಳನೇ ಸಂಖ್ಯೆಯಲ್ಲೇ ತಕರಾರು ಎದ್ದಿತು. ಕಾಂಗರೂ. ಹೊಟ್ಟೆಯ ಚೀಲದಲ್ಲಿ ಮರಿ. ಒಂದು ಅಂತ ಬರೆಯಬೇಕೋ ಎರಡು ಅಂತಲೋ?

"ಟಿಕೆಟ್ ಒಂದೇ ಅಪ್ಪಾ. ಮರಿಗಿನ್ನೂ ಐದು ವರ್ಷ ಆಗಿಲ್ಲ."

ರಾಯರು "1 + ಮರಿ" ಅಂತ ಬರೆದರು. ಹದಿನೆಂಟನೆಯದು ಹಸಿರು ಬಣ್ಣದ್ದು, ನಾಲ್ಕು ಮೋಟು ಕಾಲು, ಒಂದು ಕಣ್ಣಿಲ್ಲ. ಮೊಸಳೆ ಅಂದರು ರಾಯರು. ಡೈನೋಸಾರು ಅಂದಳು ಪುಟ್ಟಿ. ಒಳಗಿನಿಂದ ಬಂದ ಅಜ್ಜಿ ಹತ್ತಿರ ಹಿಡಿದು ನೋಡಿ, "ದಪ್ಪ ಮೆಣಸಿನಕಾಯಿ ಅಲ್ವೇನೋ?" ಅಂದರು. ಲೆಡ್ಜರಿನಲ್ಲಿ ಇವತ್ತಿಗೂ ಹದಿನೆಂಟನೇ ಸಂಖ್ಯೆಯ ಮುಂದೆ "ಪ್ರಾಣಿಯೋ ತರಕಾರಿಯೋ, ಪರಿಶೀಲಿಸತಕ್ಕದ್ದು" ಅಂತ ಷರಾ ಇದೆ. ನಾನೇ ಕಂಡಿದ್ದೇನೆ.

ಎಣಿಕೆಯಿಂದ ಏನೂ ಕಡಿಮೆಯಾಗುವುದಿಲ್ಲ ಅಂತ ಅರ್ಥವಾದಾಗ ರಾಯರು ಕಾನೂನಿನ ಮೊರೆ ಹೋದರು. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಗುರುತಿಲ್ಲದವೆಲ್ಲ ಅನಧಿಕೃತ, ಆದ್ದರಿಂದ ಹೊರಗೆ. ಇದರಲ್ಲಿ ಅಪ್ಪನ ಮುಲಾಜೇನೂ ಇಲ್ಲ, ಸರ್ಕಾರದ ಆದೇಶ. ಸರಿ, ಒಂದೊಂದರ ಬಾಲ ಎತ್ತಿ, ಕಂಕುಳು ಬಿಡಿಸಿ ಪಟ್ಟಿ ಹುಡುಕತೊಡಗಿದರು. ಪುಟ್ಟಿ ಸ್ವಲ್ಪ ಹೊತ್ತು ನೋಡಿದಳು.

"ಅಪ್ಪಾ, ನಿನಗೆ ಎಲ್ಲಿದೆ ಐಎಸ್‌ಐ?"

"ನನಗೂ ಇಲ್ಲ ಕಣೋ," ಅಂತ ಅಜ್ಜಿ ಅಡುಗೆಮನೆಯಿಂದಲೇ ದನಿಗೂಡಿಸಿದರು. "ನನ್ನನ್ನೂ ಆ ಮೂಟೇಲೇ ಕಟ್ಟಿಬಿಡು."

ಅಲ್ಲಿಗೆ ಕಾನೂನು ಮುಗಿಯಿತು. ಬೆಳಿಗ್ಗೆ ಎಣಿಸಿದಾಗ ಎಪ್ಪತ್ತೊಂದಿದ್ದದ್ದು ಸಂಜೆ ತಾಳೆ ನೋಡಿದಾಗ ಎಪ್ಪತ್ತಮೂರಾಗಿತ್ತು. ಮಧ್ಯಾಹ್ನ ಪುಟ್ಟಿಯ ಸೋದರಮಾವ ಬಂದು ಹೋಗಿದ್ದ.

ಈ ಜಾತಿಯ ಅಪ್ಪಂದಿರ ಇನ್ನೊಂದು ಲಕ್ಷಣವೆಂದರೆ, ಶತ್ರುವಿನ ವಿಷಯದಲ್ಲಿ ಅವರಿಗಿರುವಷ್ಟು ಪಾಂಡಿತ್ಯ ಪ್ರೇಮಿಗಳಿಗೂ ಇರುವುದಿಲ್ಲ. ಲಿಫ್ಟಿನಲ್ಲಿ ರಾಯರ ಜೊತೆ ನೆಲಮಹಡಿಯಿಂದ ಎರಡನೆಯದಕ್ಕೆ ಏರುವಷ್ಟರಲ್ಲಿ ಟೆಡ್ಡಿಯ ಸಮಗ್ರ ಚರಿತ್ರೆ ಮುಗಿಯುತ್ತದೆ. "ಎಲ್ಲಾ ಆ ರೂಸ್‌ವೆಲ್ಟ್ ಮಾಡಿದ್ದು ಸಾರ್. 1902ರ ನವೆಂಬರ್. ಅಮೆರಿಕದ ಅಧ್ಯಕ್ಷ, ಮಿಸಿಸಿಪ್ಪಿಗೆ ಬೇಟೆಗೆ ಹೋಗಿದ್ದಾನೆ. ಒಂದೂ ಕರಡಿ ಸಿಕ್ಕಿಲ್ಲ. ಜೊತೆಯವರು ಒಂದು ಕರಡಿಯನ್ನ ಹಿಡಿದು ಮರಕ್ಕೆ ಕಟ್ಟಿ ಹೊಡೀರಿ ಸ್ವಾಮಿ ಅಂದ್ರು. ಕಟ್ಟಿಹಾಕಿದ್ದನ್ನ ಹೊಡೆಯೋದು ಬೇಟೆಯಲ್ಲ ಅಂತ ಈ ಪುಣ್ಯಾತ್ಮ ಬಂದೂಕು ಎತ್ತಲಿಲ್ಲ. ಬೆರಿಮನ್ ಅಂತ ಒಬ್ಬ ವ್ಯಂಗ್ಯಚಿತ್ರಕಾರ ಅದನ್ನ ವಾಷಿಂಗ್ಟನ್ ಪೋಸ್ಟ್‌ನಲ್ಲಿ ಬರೆದ. ಅದನ್ನ ನೋಡಿ ಬ್ರೂಕ್ಲಿನ್‌ನಲ್ಲಿ ಮಿಠಾಯಿ ಅಂಗಡಿಯ ಮಿಚ್ಟಮ್ ದಂಪತಿ ಬಟ್ಟೆ ಕರಡಿ ಹೊಲಿದು ಟೆಡ್ಡಿ ಅಂತ ಅವನದೇ ಮುದ್ದಿನ ಹೆಸರಿಟ್ಟು ಕಿಟಕಿಯಲ್ಲಿಟ್ಟರು. ಅದೇ ಹೊತ್ತಿಗೆ ಜರ್ಮನಿಯಲ್ಲಿ ಸ್ಟೈಫ್ ಕಂಪನಿಯೂ ಕರಡಿ ಹೊಲೀತು. ಅವತ್ತು ಅವನು ಢಂ ಅನ್ನಿಸಿದ್ದಿದ್ರೆ ಇವತ್ತು ನಮ್ಮನೇಲಿ ಕಾಲು ಚಾಚೋಕೆ ಜಾಗ ಇರ್ತಿತ್ತು."

ಈ ಕತೆಯನ್ನು ಒಂದು ರಾತ್ರಿ ಪುಟ್ಟಿಗೂ ಹೇಳಿದರಂತೆ, ಕರಡಿಗಳ ಮೇಲಿನ ಅವಳ ವ್ಯಾಮೋಹ ಇತಿಹಾಸದ ಅರಿವಿನಿಂದ ಕಡಿಮೆಯಾಗಲಿ ಅಂತ. ಅವಳು ಭೀಮಣ್ಣನ ಹೊಟ್ಟೆಯ ಮೇಲೆ ತಲೆಯಿಟ್ಟುಕೊಂಡು ಪೂರ್ತಿ ಕೇಳಿದಳು.

"ಆಮೇಲೆ ಆ ಮರಕ್ಕೆ ಕಟ್ಟಿದ್ದ ಕರಡಿ ಏನಾಯ್ತಪ್ಪಾ?"

ರಾಯರಿಗೆ ಗೊತ್ತಿತ್ತು. ಕರಡಿಗೆ ಆಗಲೇ ಏಟು ಬಿದ್ದು ನರಳುತ್ತಿತ್ತು. ಅದನ್ನು ನೋವಿನಿಂದ ಬಿಡಿಸಿಬಿಡಿ ಅಂತ ರೂಸ್‌ವೆಲ್ಟನೇ ಹೇಳಿದ್ದ, ಬೇರೆಯವರು ಚಾಕುವಿನಿಂದ ಕೊಂದರು. ಇಪ್ಪತ್ತು ವರ್ಷ ಯಾವ ಕಂಪನಿಯ ಲೆಕ್ಕಕ್ಕೂ ಸುಳ್ಳು ಸಹಿ ಹಾಕದ ಮನುಷ್ಯ ಒಂದು ಗಳಿಗೆ ಫ್ಯಾನು ನೋಡಿದರು.

"ಕಟ್ಟು ಬಿಚ್ಚಿದ್ರು. ಕಾಡಿಗೆ ಹೋಯ್ತು."

"ಅದರಮ್ಮ ಸಿಕ್ಕಿದಳಾ?"

"ಸಿಕ್ಕಿದಳು. ಜೇನುತುಪ್ಪ ಕೊಟ್ಟಳು. ಮಲಕ್ಕೋ ಈಗ."

ಬಿಸಾಕಲಾಗದಿದ್ದರೆ ಒಗೆಯೋಣ ಅನ್ನುವುದು ಮುಂದಿನ ಘಟ್ಟ. ಪುಟ್ಟಿಗೆ ಸೀನು ಬರುತ್ತಿತ್ತು. ರೋಮದ ಬೊಂಬೆಗಳಲ್ಲಿ ಕಣ್ಣಿಗೆ ಕಾಣದ ದೂಳಿನ ಹುಳುಗಳು ಸೇರಿಕೊಳ್ಳುತ್ತವೆ, ಬಿಸಿನೀರಲ್ಲಿ ಒಗೆಯಬೇಕು, ಒಗೆಯಲಾಗದ್ದನ್ನು ಒಂದು ದಿನವಾದರೂ ಫ್ರೀಜರಿನಲ್ಲಿಟ್ಟರೆ ಹುಳು ಸಾಯುತ್ತವೆ ಅಂತ ವೈದ್ಯರು ಹೇಳಿದರು. ರಾಯರಿಗೆ ಬೇಕಾದದ್ದೂ ಇಂಥ ಅಧಿಕೃತ ಆದೇಶವೇ. ಮೊದಲು ಕೈಹಾಕಿದ್ದು ಪಾಯಸ ಎಂಬ ಮೊಲಕ್ಕೆ. ಒಂದಾನೊಂದು ಕಾಲದಲ್ಲಿ ಅದು ಬೆಳ್ಳಗಿತ್ತಂತೆ. ಈಗ ಬಣ್ಣ ಹೇಳುವುದು ಕಷ್ಟ, ವಾಸನೆ ಹೇಳದಿರುವುದು ಒಳ್ಳೆಯದು. ಪುಟ್ಟಿಯ ಕೆನ್ನೆಗೆ ಅದು ತಾಗದೆ ಅವಳಿಗೆ ನಿದ್ದೆ ಬಾರದು.

ಅಲ್ಲಿ ಹೆಂಡತಿ ತಡೆದರು. ಆಕೆ ಹೈಸ್ಕೂಲ್ ಟೀಚರು, ಬಿ.ಎಡ್.ನಲ್ಲಿ ಮನಶ್ಶಾಸ್ತ್ರ ಓದಿದವರು. "ರೀ, ಅದೊಂದನ್ನ ಮುಟ್ಟಬೇಡಿ. ವಿನಿಕಾಟ್ ಅಂತ ಇಂಗ್ಲೆಂಡಿನ ಮಕ್ಕಳ ಡಾಕ್ಟರು ಬರೆದಿದಾರೆ, ಮಗು ಹಿಡ್ಕೊಂಡು ಮಲಗೋ ಅಂಥ ಒಂದು ವಸ್ತುವನ್ನ ತಾಯಿ ಒಗೆದುಬಿಟ್ರೆ ಮಗುವಿಗೆ ಅದು ಅದೇ ಅನ್ನಿಸೋದೇ ಇಲ್ಲ, ಅದಕ್ಕೆ ಎಷ್ಟೋ ತಾಯಂದಿರು ಕೊಳೆಯಾದ್ರೂ ಹಾಗೇ ಬಿಡ್ತಾರೆ ಅಂತ."

"ಆ ಡಾಕ್ಟರಿಗೆ ಇದರ ವಾಸನೆ ಗೊತ್ತಿತ್ತಾ?"

ಪಾಯಸ ಉಳಿಯಿತು. ಉಳಿದವುಗಳಲ್ಲಿ ಕೆಲವು ವಾಷಿಂಗ್ ಮೆಷಿನ್ನಿಗೆ ಹೋದವು. ಗಾಜಿನ ಬಾಗಿಲ ಹಿಂದೆ ಲಾಯರ್ ಮಾಮನ ಮುಖ ಒಂದು ಸಲ ಮೇಲಕ್ಕೆ, ಒಂದು ಸಲ ಕೆಳಕ್ಕೆ. ಪುಟ್ಟಿ ಎದುರಿಗೆ ಚಕ್ಕಂಬಕ್ಕಳ ಹಾಕಿ ಕೂತು ಪ್ರತಿ ಸುತ್ತಿಗೂ "ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ" ಅಂತ ಧೈರ್ಯ ಹೇಳುತ್ತಿದ್ದಳು. ಒಣಗಿಸುವಾಗ ರಾಯರು ಬಾಲ್ಕನಿಯ ತಂತಿಗೆ ಕಿವಿಯಲ್ಲಿ ಕ್ಲಿಪ್ ಹಾಕಿ ನೇತುಬಿಟ್ಟರು. ನೋಯುತ್ತೆ ಅಂತ ಅವಳ ಅಳು. ಮಟಮಟ ಮಧ್ಯಾಹ್ನ, ಲುಂಗಿ ಮೇಲೆ ಕಟ್ಟಿ, ಸ್ಟೂಲು ಹತ್ತಿ, ಹನ್ನೆರಡು ಪ್ರಾಣಿಗಳ ಕ್ಲಿಪ್ಪನ್ನು ಕಿವಿಯಿಂದ ಬಿಡಿಸಿ ಬಾಲಕ್ಕೆ ಬದಲಾಯಿಸುತ್ತಿದ್ದ ಲೆಕ್ಕಪರಿಶೋಧಕರನ್ನು ಎದುರು ಬ್ಲಾಕಿನವರೆಲ್ಲ ನೋಡಿದರು. ಬಾಲವಿಲ್ಲದವುಗಳಿಗೆ ಏನು ಮಾಡಿದರೆಂದು ನಾನು ಕೇಳಲಿಲ್ಲ.

ಫ್ರೀಜರಿನ ಪ್ರಯೋಗ ಒಂದೇ ರಾತ್ರಿಗೆ ನಿಂತಿತು. ಅವರೇಕಾಯಿ ಕಾಲದಲ್ಲಿ ಚಿಲುಕಿಸಿ ಇಟ್ಟಿದ್ದ ಕಾಳು ತೆಗೆಯಲು ಬೆಳಗಿನ ಜಾವ ಅಜ್ಜಿ ಫ್ರೀಜರ್ ಬಾಗಿಲು ತೆರೆದರೆ, ಒಳಗಿನಿಂದ ಹಿಮ ಹಿಡಿದ ಎರಡು ಕಣ್ಣು. ಅವರು ಕೂಗಿದ್ದು ಮೂರು ಮಹಡಿಗೆ ಕೇಳಿಸಿತು. "ಲೋ, ಏನೋ ತಂದು ಇಟ್ಟಿದೀಯ ನನ್ನ ಫ್ರಿಜ್ಜಲ್ಲಿ! ಮೀಸೆ ಇದೆಯಲ್ಲೋ ಅದಕ್ಕೆ!" ಬೆಕ್ಕಿನ ಬೊಂಬೆ. ಆಮೇಲೆ ಫ್ರಿಜ್ಜನ್ನು ತೊಳೆದದ್ದು ರಾಯರೇ, ಎರಡು ಸಲ.

ಇಡೀ ವಿಚಾರದಲ್ಲಿ ತಲೆ ನೆಟ್ಟಗಿದ್ದವರು ಅಜ್ಜಿ ಒಬ್ಬರೇ ಅಂತ ನನ್ನ ಅಭಿಪ್ರಾಯ. ಅವರ ಬಳಿಯೂ ಬೊಂಬೆಗಳಿವೆ: ಮದುವೆಯಲ್ಲಿ ತವರಿನವರು ಕೊಟ್ಟ ರಕ್ತಚಂದನದ ಪಟ್ಟದ ಬೊಂಬೆ ಜೋಡಿ, ಚನ್ನಪಟ್ಟಣದ ಅರಗಿನ ಬಣ್ಣದ ಬುಗುರಿ, ತೊಟ್ಟಿಲು, ಬ್ಯಾಂಡ್ ಸೆಟ್ಟು. ನವರಾತ್ರಿಗೆ ಹೊರಬಂದು, ಮೆಟ್ಟಿಲ ಮೇಲೆ ಮೆರೆದು, ಹಬ್ಬ ಮುಗಿದ ಮೇಲೆ ಹಳೆಯ ಪಂಚೆಯಲ್ಲಿ ಸುತ್ತಿಸಿಕೊಂಡು ಟ್ರಂಕು ಸೇರುತ್ತವೆ. "ನಮ್ಮ ಬೊಂಬೆ ವರ್ಷಕ್ಕೆ ಹತ್ತು ದಿನ ಎದ್ದಿರ್ತವೆ, ಉಳಿದ ದಿನ ಮಲಗಿರ್ತವೆ. ಅದಕ್ಕೇ ಅವಕ್ಕೆ ಬೆಲೆ. ನಿನ್ನ ಮಗಳ ಬೊಂಬೆ ಮುನ್ನೂರ ಅರವತ್ತೈದು ದಿನವೂ ಸೋಫಾದ ಮೇಲೆ ಕೂತಿರ್ತವಲ್ಲೋ, ಅಳಿಯಂದಿರ ಹಾಗೆ."

ರಾಯರು ಒಪ್ಪಿದರು. ಹಿಂದಿನ ದಸರಾದಲ್ಲಿ ಕೆಳಗಿನ ಮೂರು ಮೆಟ್ಟಿಲು ಪುಟ್ಟಿಯ ಪಾಲಾಗಿದ್ದವು. ರಾಜ ರಾಣಿಯರ ಕೆಳಗೆ ದಶಾವತಾರ, ದಶಾವತಾರದ ಕೆಳಗೆ ಚೆಟ್ಟಿಯಾರ ಅಂಗಡಿ, ಅಂಗಡಿಯ ಮುಂದೆ ಸಾಲು ಹಿಡಿದು ಕರಡಿ, ಕಾಂಗರೂ, ಎಂಟಮ್ಮ. ಅರಿಸಿನ ಕುಂಕುಮಕ್ಕೆ ಬಂದ ಹೆಂಗಸರು ಹಸಿರು ಬೊಂಬೆಯನ್ನು ಕೂರ್ಮಾವತಾರ ಅಂತ ಕೈಮುಗಿದದ್ದೂ ಉಂಟು. ಹಬ್ಬ ಮುಗಿದ ರಾತ್ರಿ, ಅಜ್ಜಿಯ ಬೊಂಬೆಗಳ ಜೊತೆ ಇವನ್ನೂ ಅರ್ಧ ಟ್ರಂಕಿಗೆ ಹಾಕಿದರು. ಮೂರು ತಿಂಗಳಿಗೊಮ್ಮೆ ಪಾಳಿ ಬದಲಾಯಿಸುವುದು, ಒಳಗಿನವು ಹೊರಗೆ, ಹೊರಗಿನವು ಒಳಗೆ. ಪುಟ್ಟಿಯೂ ತಕರಾರೆತ್ತದೆ ಮಲಗಿದಳು. ಹನ್ನೊಂದು ಗಂಟೆಗೆ ಎದ್ದು ಬಂದು ಅಪ್ಪನನ್ನು ಅಲುಗಿಸಿದಳು.

"ಅಪ್ಪಾ, ಒಳಗೆ ಉಸಿರು ಹೇಗೆ ಆಡ್ತಾರೆ?"

"ಬೊಂಬೆ ಪುಟ್ಟಾ. ಉಸಿರಾಡಲ್ಲ."

"ಸರಿ," ಅಂತ ಹೋಗಿ ಮಲಗಿ ಎರಡು ನಿಮಿಷಕ್ಕೆ ನಿದ್ದೆ ಹೋದಳು. ನಿದ್ದೆ ಬಾರದೆ ಒದ್ದಾಡಿದ್ದು ರಾಯರು. ಬೆಳಿಗ್ಗೆ ಚಪಾತಿಗೆ ಲಟ್ಟಣಿಗೆ ಸಿಗದೆ ಮನೆಯೆಲ್ಲ ಹುಡುಕಿದ ಹೆಂಡತಿಗೆ ಅದು ಸಿಕ್ಕಿದ್ದು ಟ್ರಂಕಿನ ಮುಚ್ಚಳ ಮುಚ್ಚದ ಹಾಗೆ ಅಡ್ಡ ಕೊಟ್ಟಿದ್ದ ಜಾಗದಲ್ಲಿ.

ಕೊನೆಗೊಂದು ದಿನ ರಾಯರು ಗಟ್ಟಿ ಮನಸ್ಸು ಮಾಡಿಯೇಬಿಟ್ಟರು. ಪುಟ್ಟಿ ಏಳುವ ಮೊದಲೇ ಎಂಟಮ್ಮನನ್ನು ಚೀಲದಲ್ಲಿ ಹಾಕಿಕೊಂಡು ಕೆಳಗಿಳಿದರು. ಎಂಟಮ್ಮನೇ ಯಾಕೆಂದರೆ, ಎಂಟು ಕಾಲಿನಿಂದಾಗಿ ಅತಿ ಹೆಚ್ಚು ಜಾಗ ಹಿಡಿಯುತ್ತಿದ್ದವಳು ಅವಳೇ; ಲೆಡ್ಜರಿನ ಪ್ರಕಾರ ಎರಡು ಕಾಲಿನ ಹೊಲಿಗೆಯೂ ಬಿಟ್ಟಿತ್ತು. ಕಸದ ಆಟೋ ಬಂದಿತ್ತು. ಪೌರಕಾರ್ಮಿಕ ಹೆಂಗಸು ಚೀಲ ಬಿಚ್ಚಿ ನೋಡಿದಳು.

"ಇದ್ನ ಹಸಿ ಕಸಕ್ಕಾಕ್ಲಾ, ಒಣ ಕಸಕ್ಕಾಕ್ಲಾ ಸಾ?"

ರಾಯರ ಬಳಿ ಉತ್ತರವಿರಲಿಲ್ಲ. ಹಸಿಯಲ್ಲ, ಕೊಳೆಯುವುದಿಲ್ಲ. ಒಣ ಕಸ ಅನ್ನಲು ಬಾಯಿ ಬರಲಿಲ್ಲ, ಎಂಟಮ್ಮ ಅವರನ್ನೇ ನೋಡುತ್ತಿದ್ದಳು. "ಎಂಥ ಸಂದಾಕೈತೆ ಸಾ, ಕಣ್ಣು ನೋಡಿ. ಯಾಕೆ ಬಿಸಾಕ್ತೀರ?" ಅಂತ ಆಕೆ ಅದನ್ನು ಪಕ್ಕಕ್ಕೆತ್ತಿಟ್ಟಳು. ರಾಯರು ತಿರುಗಿ ನೋಡದೆ ಮೆಟ್ಟಿಲು ಹತ್ತಿದರು. ಅವತ್ತು ಆಫೀಸಿಗೆ ಊಟದ ಡಬ್ಬಿ ಮರೆತು ಹೋದರು.

ಬೆಂಗಳೂರಿನ ಕಸದ ಆಟೋಗಳನ್ನು, ಮಣ್ಣು ಸಾಗಿಸುವ ಲಾರಿಗಳನ್ನು ನೀವು ಗಮನಿಸಿರಬಹುದು. ಎಷ್ಟೋ ಗಾಡಿಗಳ ಮೂತಿಗೆ ಒಂದು ಟೆಡ್ಡಿ ಕಟ್ಟಿರುತ್ತದೆ. ಮಾರನೆಯ ದಿನ ಗಾಡಿಯ ಹಾಡು ಕೇಳಿ ಪುಟ್ಟಿ ಬಾಲ್ಕನಿಗೆ ಓಡಿದಾಗ, ಅದರ ಮುಂಭಾಗದಲ್ಲಿ, ವೈಪರಿನ ಕೆಳಗೆ, ಎಂಟೂ ಕಾಲು ಹರಡಿಕೊಂಡು, ಕುತ್ತಿಗೆಗೊಂದು ಸೇವಂತಿಗೆ ಹಾರ ಹಾಕಿಸಿಕೊಂಡು ಎಂಟಮ್ಮ ಕೂತಿದ್ದಳು. ಬಿಟ್ಟಿದ್ದ ಎರಡು ಕಾಲಿಗೆ ಯಾರೋ ಕೆಂಪು ದಾರದಲ್ಲಿ ಹೊಲಿಗೆ ಹಾಕಿದ್ದರು.

ರಾಯರು ಬಚ್ಚಲಿನಲ್ಲಿ ಅಡಗಿದರು. ಅಳು ಕೇಳಿಸಲಿಲ್ಲ. ಕೇಳಿಸಿದ್ದು ಮನೆಯೆಲ್ಲ ಕುಣಿಯುವ ಸದ್ದು.

"ಅಪ್ಪಾ! ಅಪ್ಪಾ! ಎಂಟಮ್ಮಂಗೆ ಕೆಲಸ ಸಿಕ್ತು! ಗವರ್ಮೆಂಟ್ ಗಾಡೀಲಿ!"

ಈಗ ದಿನಾ ಬೆಳಿಗ್ಗೆ ಅವಳು ಬಾಲ್ಕನಿಯಿಂದ ಕೈಬೀಸುತ್ತಾಳೆ, ಡ್ರೈವರ್ ಒಂದು ಹಾರ್ನ್ ಹೊಡೆಯುತ್ತಾನೆ. ಅದರ ಮುಂದಿನ ಭಾನುವಾರ ಒಂಬತ್ತೂವರೆಗೆ ಗರ್ಜನೆಯೇ ಕೇಳಿಸಲಿಲ್ಲ. ಕಾರು ಒರೆಸುವ ಹುಡುಗನಿಗೆ ಗಂಟೆ ತಪ್ಪಿ ಎಲ್ಲರ ಕಾರೂ ತಡವಾಯಿತು. ಏನಾಯಿತೋ ಅಂತ ನಾನು ಪೇಪರ್ ಕೇಳುವ ನೆವದಲ್ಲಿ ಮೇಲೆ ಹೋದೆ. ರಾಯರು ಊಟದ ಮೇಜಿನ ಮುಂದೆ ಕೂತಿದ್ದರು. ಪುಟ್ಟಿ ಒಂದು ದೊಡ್ಡ ಚೀಲ ತುಂಬಿಸಿ ಬಾಗಿಲ ಹತ್ತಿರ ಇಟ್ಟಿದ್ದಳು: ಉದ್ದಪ್ಪ, ಕಾಂಗರೂ, ಮರಿ, ದಪ್ಪ ಮೆಣಸಿನಕಾಯಿ. ಈಗ ಲಾಯರ್ ಮಾಮನ ಕೋಟು ಒರೆಸುತ್ತಿದ್ದಳು.

"ಇವರಿಗೆಲ್ಲಾ ಕೆಲಸ ಕೊಡಿಸ್ಬೇಕಂತೆ ಸಾರ್," ಅಂದರು ರಾಯರು ನನ್ನ ಕಡೆ ನೋಡದೆ.

"ಒಳ್ಳೇದಾಯ್ತಲ್ಲ! ಮನೆ ಖಾಲಿಯಾಗುತ್ತೆ."

ರಾಯರು ನಿಧಾನವಾಗಿ ಕೈಚಾಚಿ ಪೆಂಗ್ವಿನ್ನನ್ನು ಮಗಳಿಂದ ತೆಗೆದುಕೊಂಡು ಅದರ ಕುರ್ಚಿಯ ಮೇಲೆ ಮತ್ತೆ ಕೂರಿಸಿದರು.

"ಇವನನ್ನ ಈಗಲೇ ಕಳಿಸೋದು ಬೇಡ ಪುಟ್ಟಾ. ಇನ್ನೂ ಓದ್ತಾ ಇದಾನೆ."